ಮಿಠಾಯಿ ವಿಟಮಿನ್

ನನಗೆ ಗುಮಾನಿ ಜಾಸ್ತಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಗುಮಾನಿ ಪಡುವುದಕ್ಕೇ ನನಗೆ ಸಂಬಳ ಕೊಡುವುದು. ಮಿಠಾಯಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರುಚಿ ನೋಡುವ ಕೆಲಸ ನನ್ನದು. ಪ್ರತಿ ಕೊಪ್ಪರಿಗೆಯಿಂದ ಒಂದು ತುಣುಕು ತಂದು ನನ್ನ ಮುಂದೆ ಇಡುತ್ತಾರೆ. ನಾನು ಅಗಿಯುತ್ತೇನೆ, ಉಗಿಯುತ್ತೇನೆ, ಬಾಯಿ ಮುಕ್ಕಳಿಸುತ್ತೇನೆ. ಹುಳಿ ಹೆಚ್ಚಾಯಿತು ಎಂದು ನಾನು ಅಂದರೆ ಮುಗಿಯಿತು, ಮ್ಯಾನೇಜರೂ ಎದುರು ಮಾತಾಡುವುದಿಲ್ಲ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ, ನಾಲಿಗೆ ಅಕ್ಕ ಎನ್ನುತ್ತಾರೆ. ನಮ್ಮ ಮನೆಯವರು ಮನೆಯ ಮುಂದಿನ ಕೋಣೆಯಲ್ಲೇ ಕೂತು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುತ್ತಾರೆ. ಜನರ ಹಲ್ಲು ಹಾಳು ಮಾಡಿ ತಮಗೆ ಕೆಲಸ ಒದಗಿಸುವವಳು ನಾನು ಎಂಬುದು ಅವರ ಇಪ್ಪತ್ತು ವರ್ಷದ ಜೋಕು. ಮೊದಲ ಸಲ ಹೇಳಿದಾಗ ನಕ್ಕಿದ್ದೆ.

ಸೊಸೆಗೆ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಡಾಕ್ಟರಮ್ಮ ಬರೆದುಕೊಟ್ಟ ಕೆಂಪು ಮಾತ್ರೆ ಅವಳ ಹೊಟ್ಟೆಯಲ್ಲಿ ಕಾಲು ಗಂಟೆಯೂ ನಿಲ್ಲುತ್ತಿರಲಿಲ್ಲ. ನುಂಗುವುದು, ಬಚ್ಚಲಿಗೆ ಓಡುವುದು, ವಾಪಸು ಬಂದು ಗೋಡೆಗೊರಗಿ ಕೂರುವುದು, ದಿನಾ ಇದೇ ಆಗಿತ್ತು. ಅವಳು ಪರದೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಜನರ ಮನೆಗೆ ಹೋಗಿ ಕಿಟಕಿ ಅಳೆದು, ಹೊಲಿದು, ಏಣಿ ಹತ್ತಿ ತಾನೇ ತೂಗುಹಾಕಿ ಬರುವವಳು. ಗಟ್ಟಿ ಹೆಣ್ಣು. ಆದರೂ ಆ ಮಾತ್ರೆ ಕಂಡರೆ ಮುಖ ಕಿವುಚುತ್ತಿದ್ದಳು.

"ಬಾಯಲ್ಲಿ ತುಕ್ಕು ಹಿಡಿದ ಬೀಗ ಇಟ್ಕೊಂಡ ಹಾಗಿರುತ್ತೆ ಅತ್ತೆ. ಮಧ್ಯಾಹ್ನದವರೆಗೂ ಆ ರುಚಿ ಹೋಗಲ್ಲ."

"ಔಷಧಿ ಅಂದ್ಮೇಲೆ ಔಷಧಿ ಹಾಗೇ ಇರುತ್ತೆ" ಎಂದೆ ನಾನು.

ಹೀಗಿರುವಾಗ ಒಂದು ಸಂಜೆ ಮಗ ಆ ಬಾಟಲಿ ತಂದ. ಅವನು ಲಿಫ್ಟ್ ರಿಪೇರಿಯವನು. ಕೈಗೆ ಮೆತ್ತಿದ್ದ ಗ್ರೀಸನ್ನೂ ತೊಳೆಯದೆ ನೇರ ಅಡುಗೆಮನೆಗೆ ಬಂದು ಮೇಜಿನ ಮೇಲೆ ಇಟ್ಟ. ಹಳದಿ ಮುಚ್ಚಳ, ಮೇಲೆ ನಗುವ ಗರ್ಭಿಣಿಯ ಚಿತ್ರ, ಒಳಗೆ ಕಿತ್ತಳೆ ಬಣ್ಣದ ಜೆಲ್ಲಿ ತುಂಡುಗಳು.

"ಏನೋ ಇದು?"

"ಬಸುರಿಯರ ವಿಟಮಿನ್ ಅಮ್ಮ. ಗಮ್ಮಿ ಅಂತಾರೆ. ನುಂಗೋದಿಲ್ಲ, ಅಗಿದು ತಿನ್ನೋದು. ದಿನಕ್ಕೆರಡು."

"ಔಷಧಿ ಅಂಗಡೀಲಿ ಈಗ ಮಿಠಾಯಿ ಮಾರೋಕೆ ಶುರು ಮಾಡಿದ್ರಾ?"

"ಮಿಠಾಯಿ ಅಲ್ಲಮ್ಮ."

ಮಿಠಾಯಿ ಹೌದೋ ಅಲ್ಲವೋ ಎಂದು ಅವನು ನನಗೆ ಹೇಳಿಕೊಡಬೇಕೇ? ಒಂದು ತೆಗೆದು ಬಾಯಿಗೆ ಹಾಕಿಕೊಂಡೆ. ಮೊದಲು ಮೇಣದ ನುಣುಪು, ಆಮೇಲೆ ಸಕ್ಕರೆ, ಅದರ ಹಿಂದೆಯೇ ಸಿಟ್ರಿಕ್ ಆಮ್ಲದ ಹುಳಿ, ಕೊನೆಗೆ ಕಿತ್ತಳೆ ಎಸೆನ್ಸು. ಹಲ್ಲಿಗೆ ಅಂಟುವ ರೀತಿ ನೋಡಿದರೆ ಜೆಲಟಿನ್. ಸಿಂಕಿಗೆ ಉಗಿದು ಬಾಯಿ ತೊಳೆದೆ.

"ಇದು ನಮ್ಮ ಕಾರ್ಖಾನೆಯ ಮೂರನೇ ಲೈನಿನ ಕಿತ್ತಳೆ ಜೆಲ್ಲಿ. ಏನು ವ್ಯತ್ಯಾಸ ತೋರ್ಸು ನೋಡೋಣ."

"ರೇಟಲ್ಲಿ ವ್ಯತ್ಯಾಸ" ಎಂದರು ನಮ್ಮ ಮನೆಯವರು ಮುಂದಿನ ಕೋಣೆಯಿಂದ, ಕಟ್ಟುಹಲ್ಲು ಉಜ್ಜುವ ಮೆಷಿನ್ ನಿಲ್ಲಿಸದೆ.

ಅಲ್ಲೇ ಕೂತಿದ್ದ ಸೊಸೆ ನನ್ನ ಮುಖ, ಮಗನ ಮುಖ ನೋಡಿದಳು. ಎರಡು ತೆಗೆದು ನಿಧಾನಕ್ಕೆ ಅಗಿದು ತಿಂದಳು. ಮೆಷಿನ್ ನಿಲ್ಲಿಸಿ ಬಂದ ನಮ್ಮ ಮನೆಯವರೂ ಸೇರಿ ನಾವು ಮೂವರೂ ಅವಳನ್ನೇ ನೋಡುತ್ತ ಕಾದೆವು. ಐದು ನಿಮಿಷವಾಯಿತು, ಹತ್ತಾಯಿತು. ಅವಳು ಬಚ್ಚಲಿಗೆ ಓಡಲಿಲ್ಲ. ಅಂದು ಅನ್ನ, ಬೇಳೆ, ಒಂದು ಮೊಟ್ಟೆ ತಿಂದು, ಇನ್ನೊಂದು ಚಮಚ ಬೇಳೆ ಹಾಕಿಸಿಕೊಂಡಳು. ಮೂರು ವಾರದಲ್ಲಿ ಮೊದಲ ಸಲ ನೆಟ್ಟಗೆ ಉಂಡಿದ್ದು. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮಗ ಗೆದ್ದವನ ಹಾಗೆ ನನ್ನ ಕಡೆ ನೋಡಿದ, ಅದು ಮಾತ್ರ ಸಹಿಸಲಾಗಲಿಲ್ಲ.

"ಹಾಗಾದ್ರೆ ಡಾಕ್ಟ್ರು ಕೊಟ್ಟ ಮಾತ್ರೆ?" ಎಂದು ಕೇಳಿದೆ.

"ಅದರಲ್ಲಿರೋದೆಲ್ಲ ಇದರಲ್ಲೂ ಇದೆ. ಅಂಗಡಿಯವಳೇ ಹೇಳಿದ್ಲು."

"ಅಂಗಡಿಯವಳು ಹೇಳದೆ ಇನ್ನೇನು, ಬೇಡ ಕಣಪ್ಪ, ತಗೋಬೇಡ ಅಂತಾಳಾ?"

ಮರುದಿನ ಸೊಸೆ ಕೆಲಸಕ್ಕೆ ಹೋದ ಮೇಲೆ ನಮ್ಮ ಮನೆಯವರ ಭೂತಗನ್ನಡಿ ಎತ್ತಿಕೊಂಡು ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದೆ. ಕಾರ್ಖಾನೆಯಲ್ಲಿ ಹೊಸ ಲೇಬಲ್ ಬಂದಾಗ ಸಾಮಗ್ರಿಗಳ ಸಾಲನ್ನು ನನ್ನಿಂದಲೇ ಓದಿಸುತ್ತಾರೆ, ಅಭ್ಯಾಸವಾಗಿದೆ. ಗ್ಲೂಕೋಸ್ ಸಿರಪ್, ಸಕ್ಕರೆ, ನೀರು, ಜೆಲಟಿನ್, ಸಿಟ್ರಿಕ್ ಆಮ್ಲ, ಸುವಾಸನೆ, ಬಣ್ಣ, ಎಣ್ಣೆ, ಮೇಣ. ಎರಡು ಗಮ್ಮಿಗೆ ನಾಲ್ಕು ಗ್ರಾಂ ಸಕ್ಕರೆ. ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಬಾಟಲಿಯನ್ನು ಊಟದ ಮೇಜಿನ ನಡುವೆ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟೆ.

ಸಂಜೆ ಮಗ ಗೆರೆ ನೋಡಿದ. "ನೀನು ಕುಡಿಯೋ ಒಂದು ಲೋಟ ಟೀಯಲ್ಲಿ ಇದರ ಎರಡರಷ್ಟು ಸಕ್ಕರೆ ಇದೆಯಮ್ಮ."

"ನನ್ನ ಟೀ ಔಷಧಿ ಅಂತ ಹೇಳ್ಕೊಂಡು ಬಂದಿಲ್ಲ."

"ಹಲ್ಲಿಗೆ ಅಂಟೋ ಸಕ್ಕರೆ ಮಾತ್ರ ಕೆಟ್ಟದ್ದೇ" ಎಂದರು ನಮ್ಮ ಮನೆಯವರು. "ಅದಕ್ಕೆ ಹುಳಿ ಬೇರೆ. ತಿಂದ ಮೇಲೆ ಬಾಯಿ ಮುಕ್ಕಳಿಸಮ್ಮ."

"ಮುಕ್ಕಳಿಸ್ತೀನಿ ಮಾವ" ಎಂದಳು ಸೊಸೆ.

ನಾನು ಅಷ್ಟಕ್ಕೆ ಬಿಡುವವಳೇ? ಕಾರ್ಖಾನೆಯ ಲ್ಯಾಬಿನವನನ್ನು ಕೇಳಿದೆ. ಅವನು ಮಿತಭಾಷಿ, ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡುತ್ತಾನೆ. "ಅಕ್ಕ, ಜೆಲ್ಲಿಯಲ್ಲಿ ತೇವ ಇರುತ್ತೆ. ತೇವದಲ್ಲಿ ಕೆಲವು ವಿಟಮಿನ್ನು ದಿನ ಕಳೆದ ಹಾಗೆ ಶಕ್ತಿ ಕಳ್ಕೊಳ್ತವೆ. ಅದಕ್ಕೇ ಮಾಡುವಾಗ ಬರೆದಿರೋದಕ್ಕಿಂತ ಸ್ವಲ್ಪ ಜಾಸ್ತಿ ಹಾಕ್ತಾರೆ. ಒಣ ಮಾತ್ರೆ ಹೆಚ್ಚು ದಿನ ತಾಳುತ್ತೆ. ಆದ್ರೂ ಏನೂ ಒಳಗೆ ನಿಲ್ಲದವರಿಗೆ ಇದಾದ್ರೂ ಇರ್ಲಿ, ಇಲ್ಲದೇ ಇರೋದಕ್ಕಿಂತ ವಾಸಿ." ಅವನ ಮಾತಿನ ಮೊದಲರ್ಧವನ್ನು ಉಪ್ಪು ಖಾರ ಹಚ್ಚಿ ಮನೆಯಲ್ಲಿ ಹೇಳಿದೆ. ಎರಡನೇ ಅರ್ಧ ಹೇಳಲಿಲ್ಲ.

ಭಾನುವಾರ ನಾಲ್ಕು ಗಾಜಿನ ಲೋಟದಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಒಂದೊಂದರಲ್ಲಿ ಒಂದೊಂದು ಗಮ್ಮಿ ಹಾಕಿಟ್ಟೆ. ಕಾರ್ಖಾನೆಯಲ್ಲಿ ಹೀಗೇ ನೋಡುವುದು, ಎಷ್ಟು ಹೊತ್ತಿಗೆ ಕರಗುತ್ತದೆ, ಏನು ಉಳಿಯುತ್ತದೆ ಎಂದು. ಸೊಸೆ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಒಳಗೆ ಬರುವ ಹೊತ್ತಿಗೆ ನಾಲ್ಕೂ ಲೋಟ ಕಿತ್ತಳೆ ಬಣ್ಣಕ್ಕೆ ತಿರುಗಿ, ಮೇಲೆ ಎಣ್ಣೆಮೇಣದ ಪೊರೆ ತೇಲುತ್ತಿತ್ತು.

"ನನ್ನ ಎರಡು ದಿನದ ಗಮ್ಮಿ ಅದು" ಎಂದಳು.

"ನೋಡು ಬಾ. ನಿನ್ನ ಹೊಟ್ಟೆಗೆ ಹೋಗೋದು ಇದು. ಮಗುಗೂ ಇದೇ."

ಬುಟ್ಟಿ ಕೆಳಗಿಟ್ಟಳು. ಶೆಲ್ಫಿನಿಂದ ಕೆಂಪು ಮಾತ್ರೆಯ ಪಟ್ಟಿ ತಂದು, ಒಂದು ಒಡೆದು, ಐದನೇ ಲೋಟದಲ್ಲಿ ನೀರು ಬಿಟ್ಟು ಅದರಲ್ಲಿ ಹಾಕಿದಳು. ಎದೆಗೆ ಕೈಕಟ್ಟಿ ನಿಂತಳು. ಸ್ವಲ್ಪ ಹೊತ್ತಿಗೆ ಮಾತ್ರೆಯ ಸುತ್ತ ಕೆಂಪು ಬಿಟ್ಟುಕೊಂಡಿತು. ಅವಳು ಬೆರಳದ್ದಿ ನೆಕ್ಕಿದಳು.

"ಸಿಹಿ ಇದೆ ಅತ್ತೆ. ನೀವೂ ನೋಡಿ. ಇದಕ್ಕೂ ಸಕ್ಕರೆ ಲೇಪ, ಇದಕ್ಕೂ ಬಣ್ಣ."

ನಾನು ನೋಡಿದೆ. ನೋಡದೆ ಏನು ಮಾಡಲಿ? ಲೇಪ ಸಿಹಿಯಿತ್ತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, "ಐದು ಲೋಟದಲ್ಲಿ ಯಾವುದು ಗೆದ್ದಿತು?" ಎಂದರು. ಮಗ ಬೇರೆ ಕಡೆ ತಿರುಗಿ ಹಲ್ಲು ಕಿರಿದ. ನನಗೆ ಮೈ ಉರಿದುಹೋಯಿತು.

"ಮೇಲಿನ ಲೇಪ ಸಿಹಿ ಇರೋದಕ್ಕೂ ಇಡೀ ಉಂಡೆನೇ ಸಕ್ಕರೆ ಆಗಿರೋದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ? ನಗ್ತಾ ಇರಿ ಎಲ್ಲಾ. ಡಾಕ್ಟ್ರು ಕೊಟ್ಟಿದ್ದು ಮಾತ್ರೆ. ಗಮ್ಮಿ ಬೇಕಾದ್ರೆ ತಿನ್ನಲಿ, ಮಾತ್ರೆ ಮಾತ್ರ ದಿನಾ ನನ್ನೆದುರಿಗೆ ನುಂಗಬೇಕು. ನಾನೇ ಕೈಗೆ ಕೊಡ್ತೀನಿ."

"ನಾನೇನು ಚಿಕ್ಕ ಮಗುನಾ?"

"ಹೊಟ್ಟೇಲಿರೋದು ಚಿಕ್ಕ ಮಗು ತಾನೆ?"

ಅವಳು ಮಗನನ್ನು ನೋಡಿದಳು. ಅವನು ಬುಟ್ಟಿಯಿಂದ ಒಂದು ಟವೆಲ್ ತೆಗೆದು ಮಡಿಸತೊಡಗಿದ. ಈ ಮನೆಯಲ್ಲಿ ಗಂಡಸರಿಗೆ ಬಟ್ಟೆ ಮಡಿಸುವ ಆಸೆ ಬರುವುದು ಇಂಥ ಹೊತ್ತಿನಲ್ಲೇ.

ಮರುದಿನದಿಂದ ಬೆಳಗಿನ ಗಂಜಿಯಾದ ಮೇಲೆ ನಾನು ಮಾತ್ರೆ ಕೊಡುವುದು, ಅವಳು ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು ನಡೆಯಿತು. ಆಶ್ಚರ್ಯವೆಂದರೆ ವಾಂತಿ ಆಗಲಿಲ್ಲ. ಕೈಯಲ್ಲಿ ಚೀಲ ಹಿಡಿದು, ಮುಂದಿನ ಕೋಣೆಯಲ್ಲಿ ಒಂದಷ್ಟು ಹೊತ್ತು ನಿಂತು ಮಾವನಿಗೆ ಹೋಗಿಬರುತ್ತೇನೆಂದು ಹೇಳಿ ಇಳಿದು ಹೋಗುತ್ತಿದ್ದಳು. ನೋಡಿದಿರಾ, ಶಿಸ್ತಿದ್ದರೆ ಎಲ್ಲಾ ಒಗ್ಗುತ್ತದೆ ಎಂದು ನಾನು ಮನೆಯವರಿಗೆ ಹೇಳಿದೆ. ಅವರು ಮೇಣದಲ್ಲಿ ಹಲ್ಲು ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ.

ಎರಡನೇ ಬಾಟಲಿ ಬಂದು ಹದಿನೈದು ದಿನವಾಗಿತ್ತು, ಆಗಲೇ ಅರ್ಧಕ್ಕಿಂತ ಕೆಳಗಿಳಿದಿತ್ತು. ದಿನಕ್ಕೆ ಎರಡಾದರೆ ಇಷ್ಟು ಖಾಲಿಯಾಗಬಾರದು. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ನಾಲ್ಕು ನಾಲ್ಕು ತಿಂತಿದ್ದೀಯಾ? ರುಚಿ ಹತ್ತಿತಾ? ವಿಟಮಿನ್ನು ಹೆಚ್ಚಾದ್ರೂ ಮಗುಗೆ ಕೆಟ್ಟದ್ದು, ಗೊತ್ತಾ?"

ಅವಳ ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗೆ ಬಿತ್ತು. "ಎರಡಕ್ಕಿಂತ ಒಂದೂ ಹೆಚ್ಚು ತಿಂದಿಲ್ಲ."

"ಹಾಗಾದ್ರೆ ಬಾಟಲಿಗೆ ಕಾಲು ಬಂತಾ?"

"ನಾನು" ಎಂದರು ನಮ್ಮ ಮನೆಯವರು.

ಎಲ್ಲರೂ ಅವರ ಕಡೆ ತಿರುಗಿದೆವು.

"ಟೀ ಜೊತೆ ಒಂದೊಂದು ತಿಂತಿದ್ದೆ. ಕಿತ್ತಳೆ ರುಚಿ ಚೆನ್ನಾಗಿತ್ತು."

ಮಗ ನಕ್ಕ. ಸೊಸೆ ನಗಲಿಲ್ಲ. ತಟ್ಟೆ ಎತ್ತಿ ಸಿಂಕಿನಲ್ಲಿಟ್ಟು ಕೋಣೆಗೆ ಹೋದಳು. ತಪ್ಪಾಯಿತು ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು. ಅದರ ಬದಲು ಬಾಯಿಂದ ಹೊರಟದ್ದು, "ಮುದುಕರಾದ್ರೂ ಬುದ್ಧಿ ಬರ್ಲಿಲ್ಲ" ಎಂಬುದು. ಹೇಳಿದ್ದು ಮನೆಯವರಿಗೇ.

ಆರನೇ ತಿಂಗಳ ತಪಾಸಣೆಗೆ ನಾನೇ ರಜೆ ಹಾಕಿ ಅವಳ ಜೊತೆ ಹೋದೆ. ಡಾಕ್ಟರಮ್ಮನ ಕೋಣೆಯಲ್ಲಿ ಎರಡು ಕುರ್ಚಿ ಇದ್ದವು. ಒಂದರಲ್ಲಿ ಅವಳು, ಒಂದರಲ್ಲಿ ನಾನು. ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು.

"ಹಿಮೋಗ್ಲೋಬಿನ್ ಎಂಟು ಪಾಯಿಂಟ್ ಏಳಕ್ಕೆ ಬಂದಿದೆ. ಹೋದ ಸಲ ಹತ್ತೂವರೆ ಇತ್ತಲ್ಲ. ಕಬ್ಬಿಣದ ಮಾತ್ರೆ ಬಿಡದೆ ತಗೋತಿದ್ದೀಯಾ?"

ಸೊಸೆ ನನ್ನ ಕಡೆ ನೋಡಿದಳು.

"ತಗೋತಾಳೆ ಡಾಕ್ಟ್ರೇ" ಎಂದೆ ನಾನು. "ದಿನಾ ನಾನೇ ಕೈಯಾರೆ ಕೊಡ್ತೀನಿ."

"ಹೌದು" ಎಂದಳು ಸೊಸೆ.

"ತಗೊಂಡೂ ಇಳೀತಿದೆ ಅಂದ್ರೆ ಬೇರೆ ಏನೋ ಕಾರಣ ಇರಬೇಕು. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಒಂದಷ್ಟು ಟೆಸ್ಟ್ ಮಾಡಿಸಲೇಬೇಕು. ಹೆರಿಗೆ ಹೊತ್ತಿಗೆ ರಕ್ತ ಇಷ್ಟೇ ಇದ್ರೆ ನಾನು ಇಲ್ಲಿ ಕೈ ಹಾಕೋದಿಲ್ಲ. ತಾಯಿಗೂ ಅಪಾಯ, ಮಗುಗೂ."

ಬೇರೆ ಏನೋ ಕಾರಣ ಎಂದರೆ ಏನು? ಬಸ್ಸಿನಲ್ಲಿ ವಾಪಸಾಗುವಾಗ ನೂರು ಕಾಯಿಲೆ ನೆನಪಾದವು. ಸೊಸೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೆದರಿದ್ದಾಳೆ ಎಂದುಕೊಂಡು ಅವಳ ಕೈ ಹಿಡಿದೆ. ಕೈ ತಣ್ಣಗಿತ್ತು, ಹಿಡಿಸಿಕೊಂಡಳು, ಹಿಡಿಯಲಿಲ್ಲ.

ಅಂದಿನಿಂದ ಅಡುಗೆಮನೆ ನನ್ನ ಯುದ್ಧಭೂಮಿಯಾಯಿತು. ದಿನಾ ಸೊಪ್ಪು, ಬೀಟ್‌ರೂಟು, ಮೊಟ್ಟೆ, ಕಾಳು. ಗಮ್ಮಿಯ ಸಕ್ಕರೆಯೇ ರಕ್ತ ಹೀರುತ್ತಿದೆ ಎಂದು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದೆ. ಅದಕ್ಕೆ ಆಧಾರ ಏನು ಎಂದು ಮಗ ಕೇಳಿದ. ಆಧಾರ ಇರಲಿಲ್ಲ. ಕೋಪ ಇತ್ತು.

ದೊಡ್ಡಾಸ್ಪತ್ರೆಗೆ ಸೋಮವಾರ ಹೋಗುವುದೆಂದಿತ್ತು. ಗುರುವಾರ ಮಧ್ಯಾಹ್ನ ಪರದೆ ಅಂಗಡಿಯ ಯಜಮಾನತಿ ಅವಳನ್ನು ಆಟೋದಲ್ಲಿ ಕರೆತಂದಳು. ಯಾರದೋ ಮನೆಯಲ್ಲಿ ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತಿದ್ದಾಗ ಕಣ್ಣು ಕತ್ತಲಿಟ್ಟಿತಂತೆ. ಪರದೆಯ ಕೋಲು ಹಿಡಿದುಕೊಂಡೇ ಜಾರಿದಳಂತೆ. ಕೆಳಗೆ ಏಣಿ ಹಿಡಿದಿದ್ದವಳು ತಬ್ಬಿ ಹಿಡಿಯದಿದ್ದರೆ ಏನಾಗುತ್ತಿತ್ತೋ. ಹೊಟ್ಟೆಗೆ ಪೆಟ್ಟಾಗಿರಲಿಲ್ಲ, ಮಗು ಒದೆಯುತ್ತಿತ್ತು. ಯಜಮಾನತಿ ಹೋದ ಮೇಲೆ ಅವಳಿಗೆ ಹಾಲು ಕೊಟ್ಟು ಊಟದ ಮೇಜಿನ ಮುಂದೆ ಕೂರಿಸಿದೆ. ಮಗನಿಗೆ ಫೋನು ಮಾಡಿದೆ, ಅವನು ಅರ್ಧ ಬಿಚ್ಚಿದ ಲಿಫ್ಟನ್ನು ಬಿಟ್ಟು ಓಡಿ ಬಂದ. ಆಮೇಲೆ ನನ್ನ ಬಾಯಿಗೆ ತಡೆಯಿರಲಿಲ್ಲ.

"ಇಷ್ಟಕ್ಕೆಲ್ಲಾ ಆ ಬಾಟಲಿನೇ ಕಾರಣ. ನಾನು ಮೊದಲ ದಿನದಿಂದ ಬಡ್ಕೊಂಡೆ. ಮಾತ್ರೆ ಮೈಗೆ ಹತ್ತದ ಹಾಗೆ ಮಾಡ್ತಿರೋದು ಅದೇ."

"ಸಾಕು ಸುಮ್ನಿರೇ" ಎಂದರು ನಮ್ಮ ಮನೆಯವರು.

ಅವರು ನನಗೆ ಹಾಗೆ ಹೇಳುವವರಲ್ಲ. ಎದ್ದು ಮುಂದಿನ ಕೋಣೆಗೆ ಹೋಗಿ ಒಂದು ಪ್ಲಾಸ್ಟರಿನ ಗಡ್ಡೆ, ಒಂದು ಸುತ್ತಿಗೆ ತಂದರು. ಹಲ್ಲಿನ ಅಚ್ಚು ಎರಕ ಹೊಯ್ದಾಗ ಉಳಿದ ಒದ್ದೆ ಪ್ಲಾಸ್ಟರನ್ನು ಅವರು ಒಂದು ಬಕೆಟ್ಟಿಗೆ ಸುರಿಯುತ್ತಾರೆ, ಅದು ಹತ್ತು ನಿಮಿಷದಲ್ಲಿ ಕಲ್ಲಾಗುತ್ತದೆ. ಗಡ್ಡೆಯನ್ನು ಪೇಪರಿನ ಮೇಲಿಟ್ಟು ಒಂದು ಪೆಟ್ಟು ಹಾಕಿದರು. ಬಿಳಿ ಪ್ಲಾಸ್ಟರು ಎರಡಾಗಿ ಬಿರಿಯಿತು. ಒಳಗೆ ಏಳೆಂಟು ಕೆಂಪು ಮಾತ್ರೆಗಳು ಹುದುಗಿದ್ದವು, ಒಂದೊಂದರ ಸುತ್ತಲೂ ಕೆಂಪು ಹರಡಿತ್ತು.

ಮಾವನಿಗೆ ದಿನಾ ಹೋಗಿಬರುತ್ತೇನೆಂದು ಹೇಳಲು ಯಾಕೆ ಅಷ್ಟು ಹೊತ್ತು ನಿಲ್ಲುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಹೋಗಿ ಬಕೆಟ್ಟಿಗೆ ಉಗಿಯುತ್ತಿದ್ದಳು.

"ನಿಮಗೆ ಯಾವತ್ತಿಂದ ಗೊತ್ತು?" ಎಂದೆ ಮನೆಯವರಿಗೆ.

"ಮೂರು ವಾರ ಆಯ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮರುದಿನದಿಂದ ನೀನು ಅವಳ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡ್ತಿದ್ದೆ. ಬಾಟಲೀಲಿ ಹೇಗೂ ಎಲ್ಲಾ ಇದೆಯಲ್ಲ, ಮಾತ್ರೆ ಬಿಟ್ರೂ ನಡೆಯುತ್ತೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಳು ಸೊಸೆ. ತಲೆ ತಗ್ಗಿಸಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ವಾಂತಿ ಆಗೋ ಮಾತ್ರೆ ನುಂಗಿ ಉಂಡಿದ್ದೆಲ್ಲ ಕಕ್ಕೋದಕ್ಕಿಂತ ಇದು ತಿಂದು ಅನ್ನ ಉಳಿಸ್ಕೊಳ್ಳೋದು ವಾಸಿ ಅನ್ನಿಸ್ತು."

"ಡಾಕ್ಟ್ರು ಕೇಳಿದಾಗ ಹೌದು ಅಂದ್ಯಲ್ಲೇ. ಇಲ್ಲದ ಕಾಯಿಲೆ ಹುಡುಕೋಕೆ ದೊಡ್ಡಾಸ್ಪತ್ರೆಗೆ ಬರೆದ್ರಲ್ಲ ಅವರು."

"ಹೌದು ಅಂದಿದ್ದು ಮೊದಲು ನೀವು ಅತ್ತೆ. ಪಕ್ಕದಲ್ಲಿ ಕೂತು ಕೈಯಾರೆ ಕೊಡ್ತೀನಿ ಅಂದ್ರಿ. ನಿಮ್ಮೆದುರಿಗೆ ಇಲ್ಲ ಅಂತ ಹೇಗೆ ಹೇಳ್ಲಿ? ಹೇಳಿ ಈ ಮನೇಲಿ ಹೇಗಿರ್ಲಿ?"

ನಾನು ಬಾಟಲಿ ಎತ್ತಿಕೊಂಡೆ. ಸೋತವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. "ಇದನ್ನ ನಂಬ್ಕೊಂಡಿದ್ದಕ್ಕೇ..." ಎಂದು ಶುರು ಮಾಡಿದೆ.

"ಓದಿ ಹಾಗಾದ್ರೆ" ಎಂದಳು. "ಸಕ್ಕರೆ ಬಿಟ್ಟು ಬೇರೆ ಏನೇನಿದೆ ಅಂತ ಒಂದು ಸಲನಾದ್ರೂ ಓದಿ."

ನಾನು ಬಾಟಲಿ ತಿರುಗಿಸಿದೆ. ಮೊದಲ ಬಾಟಲಿಯಲ್ಲಿ ನಾನು ಪೆನ್ಸಿಲಿನ ಗೆರೆ ಎಳೆದದ್ದು ಸಾಮಗ್ರಿಗಳ ಸಾಲಿಗೆ, ಕಾರ್ಖಾನೆಯಲ್ಲಿ ನಾನು ಓದುವ ಸಾಲು ಅದು. ಅದರ ಪಕ್ಕದಲ್ಲೇ ಒಂದು ಪಟ್ಟಿ ಇತ್ತು. ಇಷ್ಟು ದಿನದಲ್ಲಿ ಅದರ ಮೇಲೆ ಕಣ್ಣು ಹಾಯಿಸಿಯೂ ಇರಲಿಲ್ಲ. ಜೋರಾಗಿ ಓದಿದೆ. ವಿಟಮಿನ್ ಎ. ಸಿ. ಡಿ. ಇ. ಬಿ ಆರು. ಫೋಲಿಕ್ ಆಮ್ಲ. ಬಿ ಹನ್ನೆರಡು. ಅಯೋಡಿನ್. ಸತು. ಪಟ್ಟಿ ಮುಗಿಯಿತು.

"ಕಬ್ಬಿಣ?" ಎಂದ ಮಗ.

ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಓದಿದೆ. ಭೂತಗನ್ನಡಿ ತಂದು ಮತ್ತೆ ಓದಿದೆ. ಕಬ್ಬಿಣ ಇರಲಿಲ್ಲ. ಕಡಿಮೆ ಇತ್ತು ಎಂದಲ್ಲ, ಇರಲೇ ಇಲ್ಲ. ಮಗ ನನ್ನ ಕೈಯಿಂದ ಬಾಟಲಿ ಕಸಿದು ತಾನೇ ಓದಿದ. ಓದಿ ಕುರ್ಚಿಯಲ್ಲಿ ಕುಸಿದು, "ಅಂಗಡಿಯವಳು ಹೇಳಿದ್ಲು" ಎಂದ. ಆಮೇಲೆ ಅವನಿಗೇ ನಾಚಿಕೆಯಾಗಿ ಬಾಟಲಿಯನ್ನು ದೂರ ತಳ್ಳಿದ.

ಅವನ ನಾಚಿಕೆ ಏನು ಮಹಾ. ನನ್ನದನ್ನು ಕೇಳಿ. ಆ ಗಮ್ಮಿಯನ್ನು ಮೊದಲ ದಿನವೇ ಬಾಯಿಗೆ ಹಾಕಿಕೊಂಡವಳು ನಾನು. ಮೇಣ ಹಿಡಿದೆ, ಆಮ್ಲ ಹಿಡಿದೆ, ಎಸೆನ್ಸು ಹಿಡಿದೆ. ಕಬ್ಬಿಣ ಬೆರೆಸಿದ ಯಾವ ವಸ್ತುವಾದರೂ ನಾಲಿಗೆಗೆ ಲೋಹದ ಒಗರು ಮುಟ್ಟಿಸದೆ ಬಿಡುವುದಿಲ್ಲ, ಎಷ್ಟೇ ಸಕ್ಕರೆ ಸುರಿದರೂ ಹಿಂದೆ ನಿಂತು ಇಣುಕುತ್ತದೆ. ತುಕ್ಕು ಹಿಡಿದ ಬೀಗ ಎಂದು ಸೊಸೆ ಬಾಯಿಬಿಟ್ಟು ಹೇಳಿದ್ದಳು. ಈ ಗಮ್ಮಿಯಲ್ಲಿ ಆ ಒಗರು ಇರಲಿಲ್ಲ. ರುಚಿಯಾಗಿತ್ತು, ಅಷ್ಟೇ ಸಾಕಿತ್ತು ತಿಳಿಯುವುದಕ್ಕೆ. ಇಪ್ಪತ್ತೆರಡು ವರ್ಷದ ನಾಲಿಗೆ ಇಟ್ಟುಕೊಂಡು ನಾನು ಅದರಲ್ಲಿ ಏನು ಸೇರಿದೆ ಎಂದೇ ಹುಡುಕಿದೆ. ಏನು ಸೇರಿಲ್ಲ ಎಂದು ಒಂದು ಸಲವೂ ಕೇಳಲಿಲ್ಲ. ಅವಳು ಏಣಿಯಿಂದ ಬಿದ್ದಿದ್ದರೆ ಆ ಪಾಪ ಯಾರ ತಲೆಗೆ ಬರುತ್ತಿತ್ತು?

"ತಪ್ಪಾಯ್ತು ಕಣಮ್ಮ" ಎಂದೆ. ಈ ಸಲ ಅವಳಿಗೇ ಹೇಳಿದೆ.

ಅವಳು ಹಾಲಿನ ಲೋಟ ತಿರುಗಿಸುತ್ತ ಕೂತಿದ್ದಳು. "ನನ್ನದೂ ತಪ್ಪೇ. ಸುಳ್ಳು ಹೇಳಿದೆ" ಎಂದಳು. ಲೋಟ ಕೆಳಗಿಟ್ಟು, "ನಾಳೆ ಡಾಕ್ಟ್ರ ಹತ್ರ ಹೋಗಿ ನಿಜ ಹೇಳ್ತೀನಿ. ಒಳಗೆ ನೀವು ಬರಬೇಡಿ ಅತ್ತೆ" ಎಂದಳು. ಕೋಪದಲ್ಲಿ ಹೇಳಲಿಲ್ಲ. ಕೋಪದಲ್ಲಿ ಹೇಳಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ.

ಮರುದಿನ ಗಂಡಹೆಂಡಿರು ಒಳಗೆ ಹೋದರು, ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಡಾಕ್ಟರಮ್ಮ ಬೈದರಂತೆ. ಗಮ್ಮಿಗಳಲ್ಲಿ ಬಹಳಷ್ಟಕ್ಕೆ ಕಬ್ಬಿಣ ಹಾಕುವುದೇ ಇಲ್ಲ, ರುಚಿ ಕೆಡುತ್ತದೆ ಎಂದರಂತೆ. ವಾಂತಿಯಾಗುತ್ತದೆ ಎಂದು ಮೊದಲೇ ಬಾಯಿಬಿಟ್ಟಿದ್ದರೆ ಮೊದಲೇ ಮಾತ್ರೆ ಬದಲಾಯಿಸುತ್ತಿದ್ದೆ ಎಂದರಂತೆ. ಬೇರೆ ತರಹದ ಕಬ್ಬಿಣ ಬರೆದುಕೊಟ್ಟರು, ದಿನ ಬಿಟ್ಟು ದಿನ, ಊಟಕ್ಕೂ ಟೀಗೂ ದೂರವಾಗಿ. ಜೊತೆಗೆ ಫೋಲಿಕ್ ಆಮ್ಲ ಸೇರಿದ ಇನ್ನೊಂದು ಚಿಕ್ಕ ಮಾತ್ರೆ. ಗಮ್ಮಿ ನಿಲ್ಲಿಸು, ಒಂದರ ಮೇಲೊಂದು ತಿಂದರೆ ಕೆಲವು ವಿಟಮಿನ್ನು ಹೆಚ್ಚಾಗುತ್ತವೆ ಎಂದರು. ದೊಡ್ಡಾಸ್ಪತ್ರೆ ಸದ್ಯಕ್ಕೆ ಬೇಡ, ಆರು ವಾರ ನೋಡೋಣ, ಏಣಿ ಮಾತ್ರ ಇವತ್ತಿಂದಲೇ ಬಂದ್ ಎಂದರು. ಇದೆಲ್ಲ ಮಗ ಹೇಳಿದ್ದು. ಸಕ್ಕರೆಯ ಬಗ್ಗೆ ಏನಂದರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಆ ಆರು ವಾರ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದು ನನಗೇ ಗೊತ್ತು. ಸೊಸೆ ಅಂಗಡಿಯಲ್ಲಿ ಕೂತು ಹೊಲಿಯುವ ಕೆಲಸಕ್ಕೆ ಬದಲಾಯಿಸಿಕೊಂಡಳು. ಹೊಸ ಮಾತ್ರೆಯ ಪಟ್ಟಿ ಅಡುಗೆಮನೆಯ ಶೆಲ್ಫಿನಲ್ಲಿ, ನನ್ನ ಕಣ್ಣೆದುರಿಗೇ ಇರುತ್ತಿತ್ತು. ತೆಗೆದು ಎಣಿಸಲಿಲ್ಲ ಎಂದರೆ ನಂಬುತ್ತೀರಾ? ಎರಡು ಸಲ ಕೈ ಹೋಯಿತು, ಎರಡು ಸಲವೂ ವಾಪಸು ತಂದೆ. ಅವಳು ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೆ ನಾನು ಬಟ್ಟೆ ಒಣಗಿಸಲು ಮೇಲೆ ಹೋಗುತ್ತಿದ್ದೆ. ಒಂದು ದಿನ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿ ವಾಂತಿಯೇ ಇರಬೇಕೆಂದು ಓಡಿ ಬಂದೆ. ಬಾಗಿಲ ಮುಂದೆ ನಿಂತುಕೊಂಡು ಏನು ಕೇಳಲಿ? ಅವಳು ಬಕೆಟ್ ಹಿಡಿದು ಹೊರಬಂದು, "ನೆಲ ಒರೆಸ್ತೀನಿ ಅತ್ತೆ" ಎಂದಳು. "ನಾನು ಒರೆಸ್ತೀನಿ ಬಿಡು" ಎಂದು ಬಕೆಟ್ ಕಿತ್ತುಕೊಂಡೆ. ಮೊದಮೊದಲು ಊಟದ ಮೇಜಿನಲ್ಲಿ ಉಪ್ಪು ಕೊಡು, ನೀರು ಕೊಡು ಎಂಬುದಷ್ಟೇ ಮಾತು. ಆಮೇಲೆ ಮಾತು ಬೇರೆ ಬೇರೆ ವಿಷಯಕ್ಕೆ ಹೋಯಿತು. ಕಟ್ಟುಹಲ್ಲನ್ನು ಬಸ್ಸಿನಲ್ಲಿ ಮರೆತು ಬಂದ ಮುದುಕನೊಬ್ಬನ ಕಥೆ ನಮ್ಮ ಮನೆಯವರು ಹೇಳಿದಾಗ ಅವಳು ನಕ್ಕಳು.

ತಪಾಸಣೆಯ ದಿನ ಮಗನಿಗೆ ಯಾವುದೋ ಕಟ್ಟಡದಲ್ಲಿ ಲಿಫ್ಟು ಕೈಕೊಟ್ಟಿತ್ತು. ಸೊಸೆ ಚಪ್ಪಲಿ ಹಾಕಿಕೊಳ್ಳುತ್ತ, "ಅತ್ತೆ, ನೀವು ಬರ್ತೀರಾ?" ಎಂದಳು. ಹೋದೆ. ಹೆಸರು ಕರೆದಾಗ ಅವಳು ಎದ್ದು ಬಾಗಿಲ ಹತ್ತಿರ ನಿಂತು ಹಿಂತಿರುಗಿ ನೋಡಿದಳು. "ನಾನು ಇಲ್ಲೇ ಕೂತಿರ್ತೀನಿ. ಹೋಗಿ ಬಾ" ಎಂದೆ. ಒಳಗೆ ಇಪ್ಪತ್ತು ನಿಮಿಷ ಹಿಡಿಯಿತು. ಎದುರಿನ ಗೋಡೆಯ ಮೇಲೆ ತಾಯಿ ಮಗುವಿನ ಪೋಸ್ಟರ್ ಇತ್ತು, ಅದರಲ್ಲಿ ಬರೆದಿದ್ದನ್ನೆಲ್ಲ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ತಲೆಗೆ ಏನೂ ಹೋಗಲಿಲ್ಲ.

ಅವಳು ಹೊರಗೆ ಬಂದಾಗ ಮುಖ ನೋಡಿ ಏನೂ ಗೊತ್ತಾಗಲಿಲ್ಲ. ಕೇಳಬಾರದೆಂದು ಹಲ್ಲು ಕಚ್ಚಿಕೊಂಡೆ. ಬಸ್ ನಿಲ್ದಾಣದವರೆಗೆ ನಡೆದೆವು. ಬಿಸಿಲಿತ್ತು. ಅವಳ ಚೀಲ ನಾನು ಹಿಡಿಯುತ್ತೇನೆಂದೆ, ಕೊಟ್ಟಳು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ಕೂತಳು, ನಾನು ನಿಂತೆ.

"ಹತ್ತು ಪಾಯಿಂಟ್ ಎರಡು" ಎಂದಳು. "ಹೀಗೇ ಏರಿದ್ರೆ ಇಲ್ಲೇ ಹೆರಿಗೆ ಮಾಡ್ತೀನಿ ಅಂದ್ರು."

ನನ್ನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡೆ. ಅವಳು ನನ್ನ ಕೈಯಲ್ಲಿದ್ದ ಚೀಲದ ಜಿಪ್ಪು ಎಳೆದು ರಿಪೋರ್ಟಿನ ಕಾಗದ ಅರ್ಧ ಹೊರಗೆ ತೆಗೆದಳು.

"ನೋಡಿ, ಬರೆದಿದ್ದಾರೆ" ಎಂದಳು.

"ಬೇಡ. ಒಳಗಿಡು, ಮುದುರಿ ಹೋಗುತ್ತೆ" ಎಂದೆ.